32 ವರ್ಷ ಹಳೇ ಮದುವೆ ಉಡುಗೊರೆ ಈಗ ಒಯ್ದು ಕೊಡಬಹುದಾ? ತುಮರಿ ಕಡೆ ಎರಡು ದಿನ ಹೋಗುತ್ತಿದ್ದೇನೆ

ರೊಟ್ಟಿಬುಟ್ಟಿ, ದಾವಣಗೆರೆ (18 ಸೆಪ್ಟೆಂಬರ್ 2025)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು. ಆದರೆ ಹಿಂದಿನದ್ದು ಹೇಳದೆ ಕೇಳಿದರೆ ತಲೆಬುಡ ಗೊತ್ತಾಗುವುದಿಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ.

ನಾನು ಡಿಗ್ರಿ ಓದಿದ್ದು ಸಾಗರದಲ್ಲಿ, 1988ರಿಂದ 91. ಹಾಸ್ಟೆಲ್ಲಿನಲ್ಲಿ ಪಕ್ಕದ ಮಂಚದವಳು ತುಮರಿ ಕಡೆಯವಳು, ಶರಾವತಿ ಹಿನ್ನೀರಿನ ಆಚೆ. ನಾನು ಊರಿಂದ ಶೇಂಗಾ ಚಟ್ನಿಪುಡಿ ತಂದರೆ ಮೂರು ದಿನಕ್ಕೆ ಅವಳು ಖಾಲಿ ಮಾಡುತ್ತಿದ್ದಳು. ಅವಳು ಹಲಸಿನ ಹಪ್ಪಳ ತಂದರೆ ನನಗೆ ಒಂದು ರಾತ್ರಿ ಸಾಕಿತ್ತು. ಶನಿವಾರ ಅವಳ ಜೊತೆ ಎಷ್ಟೋ ಸಲ ಹೊಳೆ ದಾಟಿದ್ದೇನೆ. ಲಾಂಚಿನ ಮೇಲೆ ಬಸ್ಸು, ಬಸ್ಸಿನೊಳಗೆ ನಾವು, ಸುತ್ತ ನೀರು. ಬಯಲುಸೀಮೆ ಹುಡುಗಿಗೆ ಅದೇ ಫಾರಿನ್ನು.

1993ರ ಮೇ ತಿಂಗಳಲ್ಲಿ ಅವಳ ಮದುವೆ. ಮನೆ ಮುಂದೆ ಚಪ್ಪರ ಹಾಕಿ ಮಾಡುವ ಮದುವೆ. ನಾನು ಹಿಂದಿನ ದಿನವೇ ಹೊರಟೆ. ಸಾಗರದ ಪಾತ್ರೆ ಅಂಗಡಿಯಲ್ಲಿ ಮೂರು ಕೆಜಿ ಹಿಡಿಯುವ ಸ್ಟೀಲ್ ಡಬ್ಬಿ ತಗೊಂಡು, ಅದರ ಮೇಲೆ ಇಬ್ಬರ ಹೆಸರು, ಕೆಳಗೆ 13-5-93 ಅಂತ ಹಾಕಿಸಿದೆ. ಆ ಮಷಿನ್ನಿನ ಜುಂಯ್ ಸದ್ದು ಇನ್ನೂ ಕಿವಿಯಲ್ಲಿದೆ. ಅಂಗಡಿಯವನು ಹೆಸರು ಕೊರೆಯಲು ತಡ ಮಾಡಿದ. ಮುಂದೆ ಬಸ್ಸೂ ಪಂಕ್ಚರ್. ಹೊಳೆಬಾಗಿಲು ಮುಟ್ಟಿದಾಗ ಕತ್ತಲು, ಕೊನೆ ಲಾಂಚ್ ಹೋಗಿಯಾಗಿತ್ತು. ಆಚೆ ದಡದಲ್ಲಿ ಒಂದೇ ಒಂದು ದೀಪ. ಬಂದ ಬಸ್ಸಿನಲ್ಲೇ ಸಾಗರಕ್ಕೆ ವಾಪಸ್ ಬಂದೆ.

ಆಮೇಲೆ ಕಾಗದ ಬರೆದೆ, ಲಾಂಚ್ ತಪ್ಪಿತು ಅಂತ. ಉತ್ತರ ಬಂತು, ಆದರೆ ಅದರಲ್ಲಿ ಮೊದಲಿನ ಬಿಸಿ ಇರಲಿಲ್ಲ. ಮಧ್ಯೆ 2009ರಲ್ಲಿ ಶಿವಮೊಗ್ಗದಲ್ಲಿ ಯಾರದ್ದೋ ಮದುವೆಯಲ್ಲಿ ಹತ್ತು ನಿಮಿಷ ಸಿಕ್ಕಿದ್ದೆವು. ಆಮೇಲೆ ವಾಟ್ಸಾಪ್. ಈ ಜುಲೈಯಲ್ಲಿ ಸೇತುವೆ ಫೋಟೋ ಕಳಿಸಿದಳು. ಕೆಳಗೆ ಬರೆದಿದ್ದಳು: «ಇನ್ನು ಲಾಂಚ್ ತಪ್ತು ಅಂತ ಹೇಳೋ ಹಾಗಿಲ್ಲ ಮಾರಾಯ್ತಿ. ಭೂಮಿ ಹುಣ್ಣಿಮೆಗೆ ಬಾ.»

ಭೂಮಿ ಹುಣ್ಣಿಮೆ ಅಂದರೆ ಅವರ ಕಡೆಯ ಗದ್ದೆ ಪೂಜೆಯ ಹಬ್ಬ. ಹೋಗುವುದು ಖಚಿತ. ಇನ್ನೂ ಕೆಲಸದಲ್ಲಿದ್ದೇನೆ, ಸಿಗುವುದು ಎರಡೇ ದಿನ ರಜೆ. ಕೇಳಬೇಕಾದ್ದು ಏನೆಂದರೆ, ಆ ಡಬ್ಬಿ. ಅದು ನನ್ನ ಹತ್ತಿರವೇ ಇದೆ. ಬೇರೆಯವರ ಹೆಸರು ಕೊರೆದದ್ದನ್ನು ಇನ್ಯಾರಿಗೆ ಕೊಡಲಿ? ಮೂವತ್ತೆರಡು ವರ್ಷದಿಂದ ಅದರಲ್ಲಿ ರವೆ ತುಂಬಿಡುತ್ತಿದ್ದೇನೆ. ತಿಕ್ಕುವಾಗೆಲ್ಲ ಅವಳ ಹೆಸರು ಬೆರಳಿಗೆ ತಾಗುತ್ತದೆ. ಈಗ ಒಯ್ದು ಕೊಟ್ಟರೆ ಚೆಂದವಾ, ಅಸಹ್ಯವಾ? ನಮ್ಮ ಮನೆಯವರು ನಗುತ್ತಾರೆ, ಮಗಳು «ಅಮ್ಮಾ ಪ್ಲೀಸ್ ಬೇಡ» ಅಂತಾಳೆ.

ಇನ್ನೊಂದು, ನನಗೆ ಮಂಡಿನೋವು. ಕೆಳಗೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ಹಬ್ಬದ ಮನೆಯಲ್ಲಿ ಹೊರೆಯಾಗುವ ಬದಲು ಸಾಗರದಲ್ಲಿ ರೂಮು ಮಾಡಿ ಹೋಗಿಬಂದು ಮಾಡಲಾ? ಸೇತುವೆ ಆದಮೇಲೆ ಆ ಕಡೆ ಹೋದವರಿದ್ದರೆ ದಾರಿಯನ್ನೂ ಹೇಳಿ.

ಹಿನ್ನೀರು (18 ಸೆಪ್ಟೆಂಬರ್)

ಅಕ್ಕಾ, ನಾನು ಅದೇ ಕಡೆಯವನು. ಕರೂರು ಸೀಮೆ. ದಾರಿ ಮೊದಲು ಹೇಳಿಬಿಡುತ್ತೇನೆ.

ದಾವಣಗೆರೆಯಿಂದ ಹೊನ್ನಾಳಿ ಮೇಲೆ ಶಿವಮೊಗ್ಗ. ಅಲ್ಲಿಂದ ಆಯನೂರು, ಆನಂದಪುರ, ಸಾಗರ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಮಧ್ಯಾಹ್ನದೊಳಗೆ ಸಾಗರ. ನಿಮಗೆ ಸರ್ಕಾರಿ ಬಸ್ಸು ಫ್ರೀ, ಆದರೆ ಶಿವಮೊಗ್ಗ ದಾಟಿದ ಮೇಲೆ ಖಾಸಗಿ ಬಸ್ಸೇ ಜಾಸ್ತಿ, ಫ್ರೀ ಬಸ್ಸಿಗೆ ಕಾಯುತ್ತಾ ಕೂತರೆ ಮತ್ತೆ ಕತ್ತಲಾದೀತು. ಸಾಗರದಿಂದ ಆವಿನಹಳ್ಳಿ ಮೇಲೆ ಅಂಬಾರಗೋಡ್ಲು, ಅಲ್ಲಿಂದ ಸೇತುವೆ, ಆಚೆ ಕಳಸವಳ್ಳಿ. ಸಿಗಂದೂರಿಗೆ ಹೋಗುವ ಯಾವ ಬಸ್ಸಾದರೂ ಆಯಿತು. ಸೇತುವೆ ಓಡಾಟಕ್ಕೆ ಬಿಟ್ಟಿದ್ದು ಜುಲೈ 14ಕ್ಕೆ. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ನೀವು ಮುಕ್ಕಾಲು ಗಂಟೆ ಕಾದು, ಸಾಲಿನಲ್ಲಿ ನಿಂತು, ತೇಲಿಕೊಂಡು ಹೋಗುತ್ತಿದ್ದ ನೀರನ್ನು ಈಗ ಒಂದು ಫೋನು ಮಾಡಿ ಮುಗಿಸುವಷ್ಟರಲ್ಲಿ ದಾಟುತ್ತೀರಿ. ಫೋನು ಈಚೆ ದಡದಲ್ಲೇ ಮಾಡಿಬಿಡಿ, ಆಚೆ ಹೋದಮೇಲೆ ನೆಟ್‌ವರ್ಕ್ ನಂಬಬೇಡಿ.

ಹೊರಗಿನವರಿಗೆ ಸೇತುವೆ ಅಂದರೆ ಸೆಲ್ಫಿ. ನಮಗೆ ಅದು ರಾತ್ರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ನಮಗೆ ರಾತ್ರಿ ಅನ್ನುವುದೇ ಇರಲಿಲ್ಲ. ಲಾಂಚ್ ನಿಂತಮೇಲೆ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ, ಹೊಸನಗರದ ಕಡೆಯಿಂದ ಕಾಡು ಸುತ್ತಿಕೊಂಡು ಹೋಗಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ಗಾಡಿ ಹತ್ತಿಸುತ್ತಲೂ ಇರಲಿಲ್ಲ. ನೀವು ಲಾಂಚ್ ತಪ್ಪಿ ವಾಪಸ್ ಹೋಗಿದ್ದನ್ನು ನಮ್ಮ ಕಡೆಯವರು ಯಾರೂ ತಪ್ಪು ಅನ್ನಲ್ಲ. ನಮಗೆಲ್ಲ ಹಾಗೇ ಏನೋ ಒಂದು ತಪ್ಪಿದೆ.

ಭೂಮಿ ಹುಣ್ಣಿಮೆ ಅಂದಮೇಲೆ ದೀವರ ಸಮುದಾಯದ ಮನೆ ಇರಬೇಕು, ಅಲ್ವಾ? ಹಾಗಾದರೆ ರೂಮಿನ ಮಾತು ಬಿಡಿ. ಈ ಹಬ್ಬ ನಡೆಯುವುದೇ ರಾತ್ರಿ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಎಡೆಯ ಬುಟ್ಟಿ ಗದ್ದೆಗೆ ಹೋಗಬೇಕು. ಬೆಳಿಗ್ಗೆ ಹತ್ತಕ್ಕೆ ಸಾಗರದಿಂದ ಬಸ್ಸಿಳಿದರೆ ನಿಮಗೆ ಸಿಗುವುದು ಮಲಗಿದ ಮನೆ.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಸ್ವಲ್ಪ ಸುಣ್ಣ ಇಟ್ಟುಕೊಳ್ಳಿ. ಮಂಗನ ಕಾಯಿಲೆಯ ಹೆದರಿಕೆ ಈಗ ಬೇಡ, ಅದು ಡಿಸೆಂಬರಿನಿಂದ ಬೇಸಿಗೆವರೆಗಿನ ಮಾತು.

ಹಂಡೆನೀರು (19 ಸೆಪ್ಟೆಂಬರ್)

ನಾನು ಹೊಸನಗರ ತಾಲೂಕಿನ ಅಡಿಕೆ ಮನೆಯವಳು, ಬೆಂಗಳೂರಿನಿಂದ ಬರುವ ನೆಂಟರನ್ನು ಸುಧಾರಿಸಿ ಸುಧಾರಿಸಿ ಅನುಭವ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಂಡಿನೋವಿನ ವಿಷಯ ಈಗಲೇ ಫೋನಿನಲ್ಲಿ ಬಾಯಿಬಿಟ್ಟು ಹೇಳಿ. ನೆಂಟರು ಸಂಕೋಚದಿಂದ ಹೇಳುವುದಿಲ್ಲ, ನಮಗೆ ಗೊತ್ತಾಗುವುದಿಲ್ಲ, ಆಮೇಲೆ ಎರಡು ದಿನ ಊಟ ಕಡಿಮೆ ಮಾಡಿ ಕೂತಿರುತ್ತಾರೆ. ಈಗ ನಮ್ಮ ಕಡೆ ಬಹಳ ಮನೆಯಲ್ಲಿ ಕಮೋಡು ಹಾಕಿಸಿದ್ದಾರೆ, ಎಲ್ಲರ ಮನೆಯಲ್ಲೂ ಒಬ್ಬರಿಗಾದರೂ ಮಂಡಿ ಹೋಗಿದೆ. ಇಲ್ಲದಿದ್ದರೂ ಒಂದು ಪ್ಲಾಸ್ಟಿಕ್ ಕುರ್ಚಿ ಕತ್ತರಿಸಿ ಏನಾದರೂ ಮಾಡಿಕೊಡುತ್ತಾರೆ. ಲಾಡ್ಜು ಮಾಡಿದಿರೋ, ಮತ್ತೆ 32 ವರ್ಷ.

ಡಬ್ಬಿ ಖಂಡಿತ ಒಯ್ಯಿರಿ. ಆದರೆ ಖಾಲಿ ಕೊಡಬೇಡಿ. ಖಾಲಿ ಪಾತ್ರೆ ಯಾರ ಮನೆಗೂ ಕೊಡುವುದಿಲ್ಲ. ಏನು ತುಂಬಬೇಕು ಅಂತ ಮೇಲೆ ನೀವು ಬರೆದದ್ದರಲ್ಲೇ ಇದೆ, ನಾನು ಬೇರೆ ಹೇಳಬೇಕಾ?

ಸ್ವೀಟ್ ಬಾಕ್ಸ್ ತರಬೇಡಿ. ಹಬ್ಬದ ಮನೆಗೆ ಮೊದಲೇ ಐದು ಬಂದಿರುತ್ತದೆ, ಮನೆಯಲ್ಲಿ ನಾಲ್ಕು ಜನಕ್ಕೆ ಸಕ್ಕರೆ ಕಾಯಿಲೆ. ಅತ್ತೆ ಇದ್ದರೆ ಅವರಿಗೆ ಒಳ್ಳೆಯ ವೀಳ್ಯದೆಲೆ ತನ್ನಿ. ಮಕ್ಕಳಿದ್ದರೆ ಬೇಕರಿ ಖಾರ. ಸಾಕು.

ಲೆಕ್ಕದಬುಕ್ಕು (19 ಸೆಪ್ಟೆಂಬರ್)

ಎಲ್ಲರೂ ಹೂಂ ಅಂದರು, ನಾನೊಬ್ಬ ಊಹೂಂ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ ಮೇಡಂ.

ಹಬ್ಬದ ದಿನ ಹೋದರೆ ನಿಮ್ಮ ಗೆಳತಿಗೆ ನಿಮ್ಮ ಮುಖ ನೋಡಲೂ ಪುರುಸೊತ್ತು ಇರುವುದಿಲ್ಲ. ಒಂದು ವಾರ ಬಿಟ್ಟು ಹೋಗಿ. ಇನ್ನು ಡಬ್ಬಿ. ರವೆ ತುಂಬಿ ಬಳಸಿದ್ದನ್ನು ಉಡುಗೊರೆ ಅಂತ ಕೊಡುವುದು ನನಗೇನೋ ಸರಿಬರಲಿಲ್ಲ. ಹೊಸ ಸೀರೆ ಒಯ್ಯಿರಿ.

ಮತ್ತೆ ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ರಾತ್ರಿ ಲಾಂಚ್ ಹೋಯಿತು, ಸರಿ. ಮದುವೆ ಮರುದಿನ ತಾನೇ? ಬೆಳಗಿನ ಲಾಂಚ್ ಇತ್ತಲ್ಲ?

ರೊಟ್ಟಿಬುಟ್ಟಿ (20 ಸೆಪ್ಟೆಂಬರ್)

ಎಲ್ಲರಿಗೂ ಥ್ಯಾಂಕ್ಸ್. ರೂಮಿನ ಯೋಚನೆ ಬಿಟ್ಟೆ. ಫೋನು ಮಾಡಿ ಮಂಡಿ ವಿಷಯ ಹೇಳಿದೆ. «ನಂಗೂ ಎರಡೂ ಹೋಗಿದೆ, ಬಾ, ಇಬ್ರೂ ಕುರ್ಚಿ ಮೇಲೆ ಕೂರಣ» ಅಂದಳು.

ಲೆಕ್ಕದಬುಕ್ಕು ಅವರೇ, ಬೆಳಗಿನ ಲಾಂಚ್ ಇತ್ತು. ನೀವು ಕೇಳಿದ ಮೇಲೆ ಒಂದು ದಿನ ಇಲ್ಲಿಗೆ ಬರಲಿಲ್ಲ ನಾನು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, ಒಂದೇ ದಿನ ರಜೆ ಕೊಟ್ಟಿದ್ದರು, ಮರುದಿನ ಮಧ್ಯಾಹ್ನ ಡ್ಯೂಟಿಗೆ ಹಾಜರಾಗಬೇಕಿತ್ತು. ಅದು ನಿಜ. ಒಂದು ದಿನ ಹಾಜರಾಗದೆ ಇದ್ದಿದ್ದರೆ ಸಂಬಳ ಕಟ್ಟಾಗುತ್ತಿತ್ತು, ಬೈಗುಳ ಬೀಳುತ್ತಿತ್ತು, ಅಷ್ಟೇ. ಅದೂ ನಿಜ. ಕಾಗದದಲ್ಲಿ ಲಾಂಚ್ ಅಂತ ಬರೆಯುವುದು ಸುಲಭವಾಯಿತು.

ಹಂಡೆನೀರು (20 ಸೆಪ್ಟೆಂಬರ್)

ಹೋಗಿ ಬನ್ನಿ. ಬಂದಮೇಲೆ ಬರೆಯಿರಿ.

ರೊಟ್ಟಿಬುಟ್ಟಿ (12 ಅಕ್ಟೋಬರ್)

ಬಂದೆ. ಬರೆಯಿರಿ ಅಂದಿದ್ದಿರಿ, ಬರೆಯುತ್ತಿದ್ದೇನೆ. ಉದ್ದವಾಗಬಹುದು.

ಶಿವಮೊಗ್ಗದವರೆಗಿನದ್ದು ಬಿಡಿ, ಬಸ್ಸಿನಲ್ಲಿ ನಿದ್ದೆ ಮಾಡಿದೆ. ಸಾಗರದಲ್ಲಿ ಪಾತ್ರೆ ಅಂಗಡಿ ಹುಡುಕಿದೆ, ಸಿಗಲಿಲ್ಲ, ಆ ಸಾಲೇ ಬದಲಾಗಿದೆ. ಸಿಗಂದೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ತೊಡೆ ಮೇಲೆ ಡಬ್ಬಿ. ಆವಿನಹಳ್ಳಿ ದಾಟಿದ ಮೇಲೆ ಎದೆ ಡವಡವ ಶುರುವಾಯಿತು, ಸಂಜೆ ಆಗುತ್ತಿದೆ, ಲಾಂಚ್ ಸಿಗುತ್ತದೋ ಇಲ್ಲವೋ ಅಂತ. ಸೇತುವೆ ಇದೆ ಅಂತ ತಲೆಗೆ ಗೊತ್ತು, ಎದೆಗೆ ಗೊತ್ತಿಲ್ಲ. ಬಸ್ಸು ನಿಲ್ಲಲೇ ಇಲ್ಲ. ಡ್ರೈವರು ಗೇರು ಕೂಡ ಬದಲಿಸಿದ ಹಾಗೆ ಕಾಣಲಿಲ್ಲ. ಎರಡೂ ಕಡೆ ಹಿನ್ನೀರು ತುಂಬಿ ನಿಂತಿತ್ತು. ಹಳೇ ಲಾಂಚಿನ ಜಾಗ ಯಾವುದು ಅಂತ ಕತ್ತು ಹೊರಳಿಸಿ ನೋಡುವಷ್ಟರಲ್ಲಿ ಆಚೆ ದಡ. ಸ್ವಲ್ಪ ಬೇಜಾರೇ ಆಯಿತು ನನಗೆ. ಹಿನ್ನೀರು ಅವರ ಮಾತು ನೆನಪಾಗಿ ಬೇಜಾರು ಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು.

ಬಸ್‌ಸ್ಟಾಪಿಗೆ ಗೆಳತಿಯ ಮಗ ಬೈಕು ತಂದಿದ್ದ. ಮನೆ ಮುಂದೆ ಅವಳು ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗೆ. ನನ್ನ ಕೂದಲಿನ ಬಣ್ಣ ನೋಡಿ ಮೊದಲ ಮಾತು: «ಎಂತ ಹಚ್ಚಿದೀಯೆ ಇದು, ಕಾಡಿಗೆನಾ?» ಕಾಲಿಗೆ ನೀರು, ಬೆಲ್ಲ, ಮಜ್ಜಿಗೆ. ಅಷ್ಟರೊಳಗೆ ಜಗಳ ಶುರುವಾಗಿತ್ತು, ನಾನು ತೆಳ್ಳಗಾಗಿದ್ದೇನೋ ದಪ್ಪಗಾಗಿದ್ದೇನೋ ಅಂತ.

ಡಬ್ಬಿ ಆಗಲೇ ಕೊಟ್ಟೆ, ಇಟ್ಟುಕೊಂಡು ಕೂರುವ ಧೈರ್ಯ ಇರಲಿಲ್ಲ. ಒಳಗೆ ಶೇಂಗಾ ಚಟ್ನಿಪುಡಿ, ಎರಡು ಕೆಜಿ, ನಾನೇ ಹುರಿದು ಕುಟ್ಟಿದ್ದು. ಅವಳು ಮುಚ್ಚಳ ತೆಗೆದು ಮೂಸಿದಳು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಹೆಸರು ಕಂಡಿತು. ಕನ್ನಡಕ ಹಾಕಿಕೊಂಡು ಓದಿದಳು. ಏನೂ ಹೇಳಲಿಲ್ಲ. ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದಳು.

ನಿಮಗೊಂದು ವಿಷಯ ಹೇಳಿರಲಿಲ್ಲ. ಅಂಗಡಿಯವನು ಗಡಿಬಿಡಿಯಲ್ಲಿ ಅವಳ ಗಂಡನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಬಿಟ್ಟಿದ್ದ. ಅವರು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ, «ಓಹೋ, ಮೂವತ್ತೆರಡು ವರ್ಷ ನಾನು ಒತ್ತಿಲ್ಲದೆ ನಿಮ್ಮನೇಲಿ ರವೆ ಕಾಯ್ತಾ ಇದ್ನಾ ಮಾರಾಯ್ರೆ?» ಅಂದರು. ಜಗಲಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಲೆಕ್ಕದಬುಕ್ಕು ಅವರೇ, ಸೀರೆ ಒಯ್ದಿದ್ದರೆ ಈ ನಗು ಸಿಗುತ್ತಿರಲಿಲ್ಲ.

ಅವಳ ಅತ್ತೆಗೆ ಎಂಬತ್ತು ದಾಟಿದೆ. ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಬರೆದದ್ದು ಅವರೇ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಕುಂಚ ಅಂದರೆ ಪುಂಡಿ ನಾರಿನ ನಾಲ್ಕೈದು ಎಳೆ, ಅಷ್ಟೇ. ದಸರೆಯಿಂದಲೇ ಬರೆಯುತ್ತಾ ಬಂದಿದ್ದಾರೆ, ನಾನು ಹೋದಾಗ ಕೊನೆಯ ಒಂದು ಮೂಲೆ ಬಾಕಿ ಇತ್ತು. ಕೈ ನಡುಗುತ್ತದೆ ಅಜ್ಜಿಗೆ, ಲೋಟ ಹಿಡಿದರೆ ಕಾಫಿ ಚೆಲ್ಲುತ್ತದೆ. ಆದರೆ ನಾರನ್ನು ಬಿಳಿಯಲ್ಲಿ ಅದ್ದಿ ಬುಟ್ಟಿಗೆ ಮುಟ್ಟಿಸಿದ ಕೂಡಲೇ ನಡುಕ ನಿಂತುಹೋಗುತ್ತಿತ್ತು. ಒಂದು ಗೆರೆ, ಅದರ ಪಕ್ಕ ಕೂದಲೆಳೆಯಷ್ಟು ಜಾಗ ಬಿಟ್ಟು ಇನ್ನೊಂದು, ಹೀಗೆ ನಾಲ್ಕು. ಗೆರೆ ಮುಗಿದು ಕೈ ಮೇಲೆ ಬಂದರೆ ಮತ್ತೆ ನಡುಕ. ನನ್ನ ಕೈಗೂ ನಾರು ಕೊಟ್ಟರು. ನಾನು ಎಳೆದ ಗೆರೆ ನೋಡಿ, «ಇದು ಬಸ್ಸು ಹೋದ ದಾರಿ» ಅಂದರು. ಆಮೇಲೆ ಅದರ ಮೇಲೆ ಒಂದು ಹಕ್ಕಿ ಬರೆದು ಮುಚ್ಚಿದರು.

ಅಜ್ಜಿಯ ತವರು ಮುಳುಗಡೆಯಲ್ಲಿ ಹೋಗಿದೆ. ಜಗಲಿಯಿಂದ ನೀರಿನ ಕಡೆ ಕೈ ಮಾಡಿ, ಅಲ್ಲಿ ಗದ್ದೆ, ಅಲ್ಲಿ ಮನೆ, ಅಲ್ಲಿ ದೊಡ್ಡ ಮಾವಿನಮರ ಅಂತ ತೋರಿಸಿದರು. ನನಗೆ ಕಂಡಿದ್ದು ನೀರು ಮಾತ್ರ. ಮದುವೆಯಾಗಿ ಬಂದ ವರ್ಷ ಅಲ್ಲೇ ಗದ್ದೆಗೆ ಹೋಗಿ ಭೂಮಿ ಹುಣ್ಣಿಮೆ ಮಾಡಿದ್ದರಂತೆ. ಇನ್ನೇನೂ ಹೇಳಲಿಲ್ಲ, ಎಲೆಗೆ ಸುಣ್ಣ ಹಚ್ಚತೊಡಗಿದರು. ಹಂಡೆನೀರು ಅವರೇ, ವೀಳ್ಯದೆಲೆ ಹೇಳಿದ್ದು ಎಷ್ಟು ಒಳ್ಳೆಯದಾಯಿತು!

ರಾತ್ರಿ ಅಡುಗೆ. ಲೆಕ್ಕದಬುಕ್ಕು ಅವರು ಪುರುಸೊತ್ತು ಇರುವುದಿಲ್ಲ ಅಂದಿದ್ದರು. ನಿಜ, ಅವಳಿಗೆ ಕೂರಲು ಪುರುಸೊತ್ತಿರಲಿಲ್ಲ. ಅದಕ್ಕೇ ನಾನೇ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ, ಈಳಿಗೆ ಮಣೆ ಆಗದು ಅಂತ ಚಾಕು, ಹಲಗೆ ಕೊಟ್ಟರು. ಸೌತೆಕಾಯಿ ಕಡುಬಿಗೆ ಸೌತೆಕಾಯಿ ತುರಿಯುವುದು ನನ್ನ ಪಾಲಿಗೆ. ಗದ್ದೆಗೆ ಬೀರುವ ಹಚ್ಚಂಬಲಿಗೆ ಬೇಲಿ, ಗುಡ್ಡ ಎಲ್ಲಾ ಕಡೆಯಿಂದ ಕಿತ್ತು ತಂದ ಸೊಪ್ಪು, ಕುಡಿ ಒಂದು ರಾಶಿ. ನೂರೊಂದು ಕುಡಿ ಆಗಬೇಕು ಅಂತ ಲೆಕ್ಕವಂತೆ. ಯಾರೂ ಎಣಿಸಲಿಲ್ಲ. ನನಗೆ ಗುರುತು ಸಿಕ್ಕಿದ್ದು ಕೆಸು, ಹಾಗಲ ಎರಡೇ. ಓರಗಿತ್ತಿ, ನಾದಿನಿ, ಪಕ್ಕದ ಮನೆಯವರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕಡುಬಿನ ಹಬೆ, ಹೊಗೆ, ಕಣ್ಣೀರು. ಯಾರದ್ದು ಹೊಗೆಗೆ, ಯಾರದ್ದು ಯಾವುದಕ್ಕೆ ಅಂತ ಕೇಳುವ ಹಾಗಿರಲಿಲ್ಲ.

ಸುಮಾರು ಎರಡು ಗಂಟೆಗೆ ಒಳಗೆ ನಾವಿಬ್ಬರೇ ಉಳಿದಾಗ ನಾನೇ ಮಾತು ತೆಗೆದೆ. ಬೆಳಗಿನ ಲಾಂಚ್ ಇತ್ತು ಕಣೆ, ನಾನು ಬರಲಿಲ್ಲ ಅಂದೆ. ಅವಳು ಒಲೆಗೆ ಸೌದೆ ಒಳಗೆ ತಳ್ಳುತ್ತಿದ್ದಳು. «ಗೊತ್ತು» ಅಂದಳು. «ಅಣ್ಣನ್ನ ಕಳಿಸಿದ್ದೆ ಬೆಳಿಗ್ಗೆ. ರಾತ್ರಿ ಲಾಂಚ್ ತಪ್ಪಿರ್ತದೆ ಅವಳಿಗೆ, ಬೆಳಿಗ್ಗೆ ಬರ್ತಾಳೆ, ಕರ್ಕೊಂಡು ಬಾ ಅಂತ. ಎರಡು ಲಾಂಚ್ ನೋಡಿ ಬಂದ ಪಾಪ. ಮುಹೂರ್ತ ಆಗಿಹೋಗಿತ್ತು ಅವನು ಬರೋದ್ರೊಳಗೆ.»

ಸ್ವಂತ ತಂಗಿಯ ಧಾರೆ ನೋಡಲಿಲ್ಲ ಅವರು. ನನ್ನನ್ನು ಕಾಯುತ್ತಾ. ಈ ವಿಷಯ ಒಂದು ಕಾಗದದಲ್ಲೂ ಬರೆದಿರಲಿಲ್ಲ ಅವಳು, 2009ರಲ್ಲೂ ಹೇಳಿರಲಿಲ್ಲ. ಆ ಅಣ್ಣ ತೀರಿಕೊಂಡು ಆರು ವರ್ಷವಾಯಿತು. ನನಗೆ ಮಾತು ಬರಲಿಲ್ಲ. «ಸೌತೆಕಾಯಿ ನೀರು ಬಿಡ್ತಾ ಇದೆ, ಬೇಗ ಹಿಟ್ಟು ಕಲಸು» ಅಂದಳು. ಕಲಸಿದೆ.

ನಾಲ್ಕೂವರೆಗೆ ಹೊರಟೆವು. ಮುಂದೆ ಅವಳ ಗಂಡ, ತಲೆ ಮೇಲೆ ಬುಟ್ಟಿ. ಹಿಂದೆ ಮಗ, ಚಿಕ್ಕ ಹಚ್ಚಂಬಲಿ ಬುಟ್ಟಿ. ಮೊದಲಾದರೆ ದೊಂದಿ ಹಿಡಿಯುತ್ತಿದ್ದರಂತೆ, ಈಗ ಬ್ಯಾಟರಿ. ಹುಣ್ಣಿಮೆ ಬೆಳಕು ಚೆನ್ನಾಗಿತ್ತು, ಬ್ಯಾಟರಿ ಬೇಕಿರಲಿಲ್ಲ. ಗದ್ದೆ ಅಂಚಿನ ಮೇಲೆ ಗೆಳತಿ ನನ್ನ ಕೈ ಹಿಡಿದಿದ್ದಳೋ, ನಾನು ಅವಳದ್ದೋ, ನಾಲ್ಕು ಕೆಟ್ಟ ಮಂಡಿ ಸೇರಿ ಹೇಗೋ ದಾಟಿದೆವು. ಭತ್ತ ಹೊಡೆ ಬಂದಿತ್ತು. ಬಸುರಿಗೆ ಬಯಕೆ ಊಟ ಬಡಿಸುವ ಹಾಗೆ ಭೂಮಿಗೆ ಬಡಿಸುವುದು ಈ ಹಬ್ಬ. ಹಾಗಂತ ಇವರು ಬಿಡಿಸಿ ಹೇಳುವುದೇ ಇಲ್ಲ, ಸುಮ್ನೆ ಬಡಿಸುತ್ತಾರೆ. ಮಗ ಹಚ್ಚಂಬಲಿಯನ್ನು ಗದ್ದೆ ತುಂಬಾ ಬೀರುತ್ತಾ ಹೋದ. «ಹಚ್ಚಂಬ್ಲಿ, ಹಾಲಂಬ್ಲಿ...» ಅಂತ ಕೂಗಿ ಕೊನೆಗೆ «ಹೂ ಹೋ!» ಅಂತ ಎಳೆದ. ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಕುಟ್ಟುವ ಹುಡುಗ, ಕೂಗಲು ಸ್ವಲ್ಪ ನಾಚಿಕೊಂಡ. ಅಷ್ಟರಲ್ಲಿ ಆಚೆ ಬಯಲಿನಿಂದ ಯಾರದ್ದೋ ಗದ್ದೆಯ ಹೂ ಹೋ ಕೇಳಿತು, ಇನ್ನೊಂದು ಕಡೆಯಿಂದ ಮತ್ತೊಂದು. ಎರಡನೇ ಸಲ ಅವನು ಗಂಟಲು ಬಿಟ್ಟು ಕೂಗಿದ.

ಸಸಿಗೆ ಪೂಜೆ ಮಾಡಿ, ಗದ್ದೆಯಲ್ಲಿ ಒಂದು ಕಡುಬು ಹೂತರು. ಕೊಯ್ಲಿನ ಹೊತ್ತಿಗೆ ಅದನ್ನು ತೆಗೆಯುತ್ತಾರಂತೆ. ಕಾಗೆಗೆ ಒಂದು ಎಡೆ. ಆಮೇಲೆ ಬೆಳಕು ಹರಿದಮೇಲೆ ಎಲ್ಲರೂ ಅಲ್ಲೇ ಬಾಳೆ ಎಲೆ ಹಾಕಿಕೊಂಡು ಉಂಡೆವು. ನನಗೂ ಗೆಳತಿಗೂ ಗದ್ದೆ ಬಯಲಿಗೇ ಎರಡು ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದಿದ್ದರು, ಯಾರೋ ಫೋಟೋ ತೆಗೆದು ಊರಿಗೆಲ್ಲ ಹಂಚಿದ್ದಾರೆ. ಸಾಲಿನ ಕೊನೆಯಲ್ಲಿ ಅವಳು ಚಟ್ನಿಪುಡಿ ಡಬ್ಬಿ ಹಿಡಿದು ಬಡಿಸಿಕೊಂಡು ಬಂದಳು. ಸೌತೆಕಾಯಿ ಕಡುಬಿಗೆ ಶೇಂಗಾ ಚಟ್ನಿಪುಡಿ ನಾನಂತೂ ಎಲ್ಲೂ ಕೇಳಿಲ್ಲ. ಚೆನ್ನಾಗೇ ಇರುತ್ತದೆ.

ಉಂಬಳ ಒಂದು ಕಚ್ಚಿತು, ಎಡಗಾಲಿಗೆ. ಸುಣ್ಣ ಒಯ್ದಿದ್ದೆ, ಬ್ಯಾಗಿನಲ್ಲೇ ಇತ್ತು, ಬ್ಯಾಗು ಮನೆಯಲ್ಲಿತ್ತು.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಜೋಗಕ್ಕೂ ಹೋಗಲಿಲ್ಲ, ಸಿಗಂದೂರು ದೇವಸ್ಥಾನ ಅಷ್ಟು ಹತ್ತಿರ ಇದ್ದರೂ ಹೋಗಲಿಲ್ಲ. ಮನೆಯಲ್ಲಿ «ಏನೇನು ನೋಡಿದೆ» ಅಂತ ಕೇಳುತ್ತಾರೆ, ಹೇಳುವಂಥದ್ದು ಏನೂ ಇಲ್ಲ. ಅವಳು ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದಾಳೆ, ತನ್ನ ಅತ್ತೆಯ ಹಳೇ ಹಿತ್ತಾಳೆ ಮುಚ್ಚಳದ ಭರಣಿಯಲ್ಲಿ. ಪ್ಲಾಸ್ಟಿಕ್ಕಿನಲ್ಲಿ ಹಾಕಿಕೊಡೆ ಅಂದರೆ ಕೇಳಲಿಲ್ಲ. «ಭರಣಿ ನಂದಲ್ಲ, ಅತ್ತೆದು. ಖಾಲಿ ಆದ್ಮೇಲೆ ತಂದು ಕೊಡ್ಬೇಕು» ಅಂತ ಹೇಳಿ ಕಳಿಸಿದಳು.

ಈಗ ಹೊಸ ಪ್ರಶ್ನೆ. ಆಯನೂರಿನ ಹತ್ತಿರ ಬಸ್ಸು ಹಂಪಿನ ಮೇಲೆ ಹಾರಿದಾಗ ಭರಣಿ ಮಗುಚಿತು. ಬ್ಯಾಗಿಗೂ, ನನ್ನ ಬಿಳಿ ಶಾಲಿಗೂ ಉಪ್ಪಿನಕಾಯಿ ರಸ. ಮೂರು ಸಲ ಒಗೆದೆ, ಹಳದಿ ಕಲೆ ಹೋಗುತ್ತಿಲ್ಲ. ಏನು ಮಾಡಲಿ?

ಹಂಡೆನೀರು (12 ಅಕ್ಟೋಬರ್)

ಅದು ಅರಿಸಿನದ್ದು. ಇನ್ನು ಉಜ್ಜಬೇಡಿ. ಸೋಪು ಹಾಕಿ ಒಗೆದು ಒದ್ದೆ ಇರುವಾಗಲೇ ಬಿಸಿಲಿಗೆ ಹಾಕಿ, ಎರಡು ಮೂರು ದಿನ. ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಮಿಡಿ ಉಳಿಯಿತಾ?

ರೊಟ್ಟಿಬುಟ್ಟಿ (12 ಅಕ್ಟೋಬರ್)

ಅರ್ಧ ಭರಣಿ ಉಳಿದಿದೆ. ಸ್ವಲ್ಪ ಸ್ವಲ್ಪ ಹಾಕಿಕೊಳ್ಳುತ್ತಿದ್ದೇನೆ.

ಲೆಕ್ಕದಬುಕ್ಕು (13 ಅಕ್ಟೋಬರ್)

ಮೇಡಂ, ಡಬ್ಬಿ ವಿಷಯದಲ್ಲಿ ನಾನು ಸೋತೆ. ಆದರೆ ಉಪ್ಪಿನಕಾಯಿ ಬೇಗ ಬೇಗ ತಿನ್ನಿ. ಭರಣಿ ವಾಪಸ್ ಕೊಡಬೇಕಲ್ಲ.